ನೋಡುಗರೇ ರಂಗವೇರುವ ನಾಟಕ

ಫೋರಂ ಥಿಯೇಟರಿನ ನಾಟಕ ಸೋಲಿನಲ್ಲಿ ಮುಗಿಯುತ್ತದೆ. ಹತ್ತು ಹದಿನೈದು ನಿಮಿಷದ ದೃಶ್ಯ. ಅನ್ಯಾಯಕ್ಕೆ ಸಿಕ್ಕವರು ಬಾಯಿ ಮುಚ್ಚಿಕೊಳ್ಳುವಲ್ಲಿಗೆ ನಿಂತುಬಿಡುತ್ತದೆ. ಕೂಡಲೇ ಅದೇ ದೃಶ್ಯ ಮೊದಲಿನಿಂದ ಶುರು. ಈ ಸಲ ನೋಡುಗರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ರಂಗವೇರಿ, ಸೋತವರ ಪಾತ್ರವನ್ನು ತಾವೇ ವಹಿಸಿಕೊಂಡು ಬೇರೊಂದು ದಾರಿ ಹುಡುಕಬಹುದು. ಎದುರಿನ ನಟರು ಸುಲಭಕ್ಕೆ ಬಗ್ಗುವುದಿಲ್ಲ. ‘ಜೋಕರ್’ ಎಂದು ಕರೆಯುವ ನಿರ್ವಾಹಕರು ತೀರ್ಪು ಕೊಡದೆ, ‘ನಿಜವಾಗಿ ಹೀಗೆ ನಡೆದೀತೇ?’ ಎಂದು ಸಭೆಯನ್ನೇ ಕೇಳುತ್ತಾರೆ.

ಇದನ್ನು ರೂಪಿಸಿದವರು ಬ್ರೆಜಿಲ್‌ನ ನಿರ್ದೇಶಕ ಅಗಸ್ಟೋ ಬೋಲ್ (1931–2009). ಅಲ್ಲಿನ ಸೈನಿಕ ಸರ್ಕಾರ 1971ರಲ್ಲಿ ಅವರನ್ನು ಬಂಧಿಸಿ ಚಿತ್ರಹಿಂಸೆ ಕೊಟ್ಟಿತು. ದೇಶ ಬಿಟ್ಟ ಬೋಲ್ 1973ರಲ್ಲಿ ಪೆರುವಿನ ಸಾಕ್ಷರತಾ ಆಂದೋಲನದಲ್ಲಿ ದುಡಿಯುವಾಗ, ತನ್ನ ಸಲಹೆಯನ್ನು ನಟರು ಸರಿಯಾಗಿ ಮಾಡಿ ತೋರಿಸುತ್ತಿಲ್ಲವೆಂದು ಬೇಸತ್ತ ಹೆಂಗಸೊಬ್ಬಳು ತಾನೇ ರಂಗಕ್ಕೆ ಬಂದಳು. ಫೋರಂ ಥಿಯೇಟರ್ ಹುಟ್ಟಿದ್ದು ಅಲ್ಲಿ. ಮುಂದೆ ಪ್ಯಾರಿಸ್‌ನಲ್ಲಿ ಜನ ಪೊಲೀಸರ ದಬ್ಬಾಳಿಕೆಯ ಬದಲು ಒಂಟಿತನವನ್ನು, ಹೆಸರಿಲ್ಲದ ಭಯವನ್ನು ಹೇಳಿಕೊಂಡಾಗ, ತಲೆಯೊಳಗೇ ಕೂತ ಪೊಲೀಸನನ್ನು ಹೊರಗೆಳೆಯುವ ತಂತ್ರಗಳನ್ನೂ ಬೋಲ್ ಕಟ್ಟಿದರು.

ಹಲವು ದೇಶಗಳ ಜನ ಕೂಡಿ ದುಡಿಯುವ ಇಂದಿನ ಕಚೇರಿಗೆ ಬೇಕಾದದ್ದು ಇಂಥ ಕಣ್ಣಿಗೆ ಕಾಣದ ದಬ್ಬಾಳಿಕೆಯನ್ನು ಹೊರಗೆಳೆಯುವ ಕೆಲಸವೇ. ಮೀಟಿಂಗಿನಲ್ಲಿ ಒಬ್ಬ ಮಹಿಳೆ ಹೇಳಿದ ಸಲಹೆಗೆ ಯಾರೂ ಓಗೊಡುವುದಿಲ್ಲ; ಸ್ವಲ್ಪ ಹೊತ್ತಿಗೆ ಸಹೋದ್ಯೋಗಿಯೊಬ್ಬ ಅದನ್ನೇ ಹೇಳಿದರೆ ಮೆಚ್ಚುಗೆ. ಇನ್ನೊಬ್ಬರ ಉಚ್ಚಾರಣೆಗೆ ಸಣ್ಣ ನಗು. ದೂರಿನ ಪತ್ರದಲ್ಲಿ ಬರೆದರೆ ಇವೆಲ್ಲ ಕ್ಷುಲ್ಲಕವಾಗಿ ಕಾಣುತ್ತವೆ. ರಂಗದ ಮೇಲೆ ಆ ನಗು, ಆ ಮೌನ, ತಪ್ಪಿಸಿಕೊಳ್ಳುವ ಕಣ್ಣು ಎಲ್ಲರಿಗೂ ಒಟ್ಟಿಗೇ ಕಾಣಿಸುತ್ತವೆ. ಇಂಥ ಕಿರು ಗಾಯಗಳಿಗೆ 1970ರಲ್ಲೇ ‘ಮೈಕ್ರೋಅಗ್ರೆಶನ್’ ಎಂದು ಹೆಸರಿಟ್ಟವರು ಅಮೆರಿಕದ ಕಪ್ಪು ಮನೋವೈದ್ಯ ಚೆಸ್ಟರ್ ಪಿಯರ್ಸ್.

ಎಲ್ಲವನ್ನೂ ‘ಸಂಸ್ಕೃತಿಯ ವ್ಯತ್ಯಾಸ’ ಎಂದು ತೇಲಿಸಿಬಿಡುವ ಅಪಾಯವೂ ಇದೆ. ಹಿರಿಯರಿಗೆ ಎದುರಾಡಬಾರದೆಂದು ಕಲಿತು ಬೆಳೆದವರ ಮೌನವನ್ನು ಅಸಾಮರ್ಥ್ಯವೆಂದು ಓದುವುದುಂಟು, ನಿಜ. ಆದರೆ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವರಿಗೆ ಕೆಲಸ ಹೋದರೆ ದೇಶದಲ್ಲಿ ಉಳಿಯಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನಗಳ ಅವಕಾಶ. ಅವರು ಸುಮ್ಮನಿರುವುದಕ್ಕೆ ಸಂಕೋಚವಷ್ಟೇ ಕಾರಣವಲ್ಲ. ರಂಗವೇರಿದ ನೋಡುಗ ಮೇಲಧಿಕಾರಿಯನ್ನು ಧೈರ್ಯವಾಗಿ ತರಾಟೆಗೆ ತೆಗೆದುಕೊಂಡರೆ ಚಪ್ಪಾಳೆ ಬೀಳುತ್ತದೆ. ಒಳ್ಳೆಯ ಜೋಕರ್ ಆಗ ವೀಸಾದ ಮಾತನ್ನು ಎತ್ತಲೇಬೇಕು. ವಾಸ್ತವಕ್ಕೆ ನಿಲುಕದ ಇಂಥ ಪರಿಹಾರಗಳನ್ನು ಬೋಲ್ ‘ಮ್ಯಾಜಿಕ್’ ಎಂದೇ ಕರೆದರು.

ನೊಂದವರೇ ನೋಯಿಸುವವರೂ ಆಗಿರಬಹುದು. ಜಾತಿ ತಾರತಮ್ಯವನ್ನು ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ನಿಷೇಧಿಸಿತು. ವಲಸೆ ಹೋದ ಭಾರತೀಯರ ನಡುವೆಯೇ ನಡೆಯುವ ‘ಊರು ಯಾವುದು, ಮನೆತನ ಯಾವುದು’ ಎಂಬ ವಿಚಾರಣೆಯೂ ದೃಶ್ಯವಾಗಬೇಕು.

ಕಂಪನಿ ಏರ್ಪಡಿಸಿದ ತರಬೇತಿಯಲ್ಲಿ ಮೇಲಧಿಕಾರಿ ಮುಂದಿನ ಸಾಲಿನಲ್ಲೇ ಕೂತಿದ್ದರೆ ಯಾರೂ ಮನಬಿಚ್ಚುವುದಿಲ್ಲ. ಹೊರನಾಡಿನ ಕನ್ನಡ ಸಂಘಗಳಿಗೆ ಆ ಅಡ್ಡಿ ಕಡಿಮೆ. ಅವುಗಳ ಬಳಿ ನಟರಿದ್ದಾರೆ, ವೇದಿಕೆಯಿದೆ, ಇದೇ ಅನುಭವ ಉಂಡ ಸಭಿಕರಿದ್ದಾರೆ. ಮುಂದಿನ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಇಂಥ ಒಂದು ದೃಶ್ಯಕ್ಕೆ ಸಂಘಗಳು ಜಾಗ ಕೊಡಲಿ.