ಸಂಗು ಮತ್ತು ಬಾಂಗು

ಕೆ.ಜಿ.ಎಫ್‌ನ ದಿನವನ್ನು ಬಹುಕಾಲ ಎರಡು ಕೂಗು ಹಂಚಿಕೊಂಡಿದ್ದವು. ಒಂದು ಗಣಿಯ ಸೈರನ್, ತಮಿಳಿನಲ್ಲಿ ಸಂಗು. ಇನ್ನೊಂದು ಮಸೀದಿಯ ಬಾಂಗು. ಸಂಗಿಗೆ ಹೋಗದಿದ್ದರೆ ಆ ದಿನದ ಕೂಲಿ ಇರಲಿಲ್ಲ. ಬಾಂಗಿಗೆ ಏಳದೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲೇ ಕೂತವನ ತಕ್ಕಡಿಯನ್ನು ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ. ಎರಡಕ್ಕೂ ಓಗೊಡುವುದನ್ನು ನಾವು ಕನ್ನಡದಲ್ಲಿ ವಿಧೇಯತೆ ಎಂದೇ ಕರೆಯುತ್ತೇವೆ. ನನ್ನ ತಕರಾರು ಇರುವುದು ಅಲ್ಲೇ.

ಅರಬ್ಬಿಯಲ್ಲಿ ವಿಧೇಯತೆಗೆ 'ತಾಅತ್' ಎನ್ನುತ್ತಾರೆ. ಅದರ ಬೇರಿನಲ್ಲಿರುವ ಅರ್ಥ ಮನಸಾರೆ, ತಾನಾಗಿ ಎಂದು. ಅದಕ್ಕೆ ಎದುರು ಪದ 'ಕರ್ಹ್', ಒಲ್ಲದ ಮನಸ್ಸು. ಕುರ್‌ಆನಿನ ಎರಡನೆಯ ಅಧ್ಯಾಯದ 256ನೆಯ ವಚನ ದೀನ್‌ನಲ್ಲಿ ಬಲವಂತ ಸಲ್ಲದು ಎನ್ನುವಾಗ ಬಳಸುವ 'ಇಕ್ರಾಹ್' ಹುಟ್ಟಿದ್ದು ಈ ಕರ್ಹ್‌ನಿಂದ. ಹಾಗಾದರೆ ಹೆದರಿಸಿ ಮಾಡಿಸಿದ ತಾಅತ್, ಪದದ ಲೆಕ್ಕದಲ್ಲೇ ತಾಅತ್ ಅಲ್ಲ. 49ನೆಯ ಅಧ್ಯಾಯದಲ್ಲಿ ಮರುಭೂಮಿಯ ಅಲೆಮಾರಿಗಳು ತಾವು ನಂಬಿದೆವೆಂದು ಬಂದಾಗ, ನೀವು ಶರಣಾಗಿದ್ದೀರಿ ಅಷ್ಟೆ, ನಂಬಿಕೆ ಇನ್ನೂ ಎದೆಗೆ ಇಳಿದಿಲ್ಲ ಎಂಬ ಉತ್ತರ ಸಿಗುತ್ತದೆ. ಬಾಗಿದ ತಲೆ ಬೇರೆ, ಒಪ್ಪಿದ ಎದೆ ಬೇರೆ.

ದೀನ್ ಎಂಬ ಪದವನ್ನು ನಾವು ಸಲೀಸಾಗಿ 'ಧರ್ಮ' ಎಂದುಬಿಡುತ್ತೇವೆ. ಅದರ ಮೂಲಾಕ್ಷರಗಳಲ್ಲೇ ಅರಬ್ಬಿಯ 'ದೈನ್' ಕೂಡ ಇದೆ, ಅದರರ್ಥ ಸಾಲ. ದೀನ್‌ನ ದಿನವೆಂದರೆ ಲೆಕ್ಕ ಒಪ್ಪಿಸುವ ದಿನ. ಇಸ್ಲಾಮೀ ಚಿಂತಕ ಮೌದೂದಿಯವರು 1941ರ ತಮ್ಮ ಪುಸ್ತಕದಲ್ಲಿ ಈ ಪದವನ್ನು ಅಧಿಕಾರದ ಕಡೆಗೆ ಎಳೆದರು: ಒಬ್ಬ ಒಡೆಯ, ಅವನ ಕಾನೂನು, ಬದುಕಿನ ಎಲ್ಲವನ್ನೂ ಆವರಿಸುವ ಒಂದು ವ್ಯವಸ್ಥೆ. ಅವರ ಚಳವಳಿಯಲ್ಲೇ ಇದ್ದ ವಹೀದುದ್ದೀನ್ ಖಾನ್ 1963ರಲ್ಲಿ ಪುಸ್ತಕವನ್ನೇ ಬರೆದು ಈ ವ್ಯಾಖ್ಯಾನವನ್ನು ಅಲ್ಲಗಳೆದರು. ನಾನು ಖಾನರ ಕಡೆ. ಆದರೆ ಅಷ್ಟಕ್ಕೇ ಗೆದ್ದಂತಾಗಲಿಲ್ಲ. ಹಳೆಯ ನ್ಯಾಯಶಾಸ್ತ್ರಜ್ಞರಲ್ಲಿ ಬಹುಪಾಲು ಮಂದಿ ಮತ ಬಿಟ್ಟವನಿಗೆ ಮರಣದಂಡನೆ ಬರೆದಿಟ್ಟರು. ಅದು ದೀನ್‌ನ ಬಾಯಲ್ಲಿ ಸಂಗಿನ ದನಿ. ಅದಕ್ಕೆ ಸಮಜಾಯಿಷಿ ಹುಡುಕುವ ಉತ್ಸಾಹ ನನಗಿಲ್ಲ.

ಗಣಿಯ ಕಡೆ ನೋಡಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ನಮಾಜಿನ ಹೊತ್ತು ಗೊತ್ತಾಗುವುದು ಸೂರ್ಯನಿಂದ. ಅಲ್ಲಿ ಸೂರ್ಯನೇ ಇಲ್ಲ. ಇಂಥ ಕಡೆ ಶಾಸ್ತ್ರ ಬಾಗುತ್ತದೆ. ನೀರಿಲ್ಲದಿದ್ದರೆ ಶುದ್ಧ ಮಣ್ಣು ಮುಟ್ಟಿ ತಯಮ್ಮುಮ್ ಎಂಬ ಶುದ್ಧಿ ಮಾಡಿಕೊಳ್ಳಬಹುದು, ನಿಲ್ಲಲಾಗದವನು ಕೂತೇ ನಮಾಜು ಮಾಡಬಹುದು, ಕಾಯಿಲೆಯವನು ಉಪವಾಸವನ್ನು ಮುಂದೆ ತೀರಿಸಬಹುದು. ಸಾಲ ಕೊಟ್ಟವನು ಸಾಲಗಾರನ ಕೈಲಿ ಎಷ್ಟಾದೀತೆಂದು ನೋಡಿ ಕೇಳುವ ಬಗೆ ಇದು. ಗಣಿಯ ಆಡಳಿತ ಕೇಳಿದ್ದು ಬೇರೆ. 1930ರಲ್ಲಿ ಅದು ಬೆರಳಚ್ಚು ಕೇಳಿದಾಗ ಕೂಲಿಗಳು ಒಪ್ಪದೆ ಮುಷ್ಕರ ಹೂಡಿದರು. ಅವರಲ್ಲಿ ಹೆಚ್ಚಿನವರು ತಮಿಳು ದಲಿತರು, ಮುಸ್ಲಿಮರಲ್ಲ. ಆದರೂ ಸೃಷ್ಟಿಕರ್ತನ ಮಾತು ಮೀರಿ ಸೃಷ್ಟಿಯಾದವನಿಗೆ ತಲೆಬಾಗಬೇಕಿಲ್ಲ ಎಂಬ ಪ್ರವಾದಿಯವರ ಮಾತು ನೆನಪಾಗುವುದು ನನಗೆ ಆ ಮುಷ್ಕರವನ್ನು ಓದುವಾಗಲೇ. ವಿಧೇಯತೆಗೆ ಒಂದು ಮೇರೆ ಇದೆ ಎಂದವರಿಗೆ ಮಾತ್ರ ವಿಧೇಯತೆ ಏನೆಂದು ತಿಳಿದಿರುತ್ತದೆ.

ದೀನ್‌ನೊಳಗಿನ ಈ ಸಾಲಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಪದ ಮೊದಲಿನಿಂದಲೂ ಇದೆ: ಋಣ. ಅನ್ನದ ಋಣ, ತಾಯಿಯ ಋಣ. ಅದನ್ನು ವಸೂಲಿ ಮಾಡಲು ಯಾವ ಅಮೀನನೂ ಬರುವುದಿಲ್ಲ, ಆದರೂ ಹೊತ್ತವನಿಗೆ ಭಾರ ಗೊತ್ತು. ಕುರ್‌ಆನನ್ನು ಕನ್ನಡಕ್ಕೆ ತರುವವರು, ಅದರ ಮೇಲೆ ಬರೆಯುವವರು, ದೀನ್ ಎಂದು ಬಂದ ಕಡೆ ಒಮ್ಮೆ ಈ ಪದವನ್ನು ಇಟ್ಟು ಓದಿ ನೋಡಲಿ.