ಮೂಟೆಯ ತೂಕ ಹಣೆಬರಹವಲ್ಲ

ಭಾನುವಾರ ಹೈದರಾಬಾದಿನ ಅಬಿಡ್ಸ್‌ನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅವುಗಳ ಮುಂದಿನ ಫುಟ್‌ಪಾತು ಹಳೆಯ ಪುಸ್ತಕಗಳ ಸಂತೆಯಾಗುತ್ತದೆ. ಅಲ್ಲಿಗೆ ಹೋದ ಓದುಗರಿಗೆ ಅದೊಂದು ಹಬ್ಬ. ಆದರೆ ಅಷ್ಟೂ ಕಾಗದವನ್ನು ಬೆಳಿಗ್ಗೆ ಯಾರೋ ಎತ್ತಿ ತಂದಿದ್ದಾರೆ, ಮಾರದೆ ಉಳಿದದ್ದನ್ನು ಸಂಜೆ ಮತ್ತೆ ಹೊರಬೇಕು. ಕಾಗದ ಬಲು ಭಾರ. 500 ಹಾಳೆಗಳ ಎ4 ಕಟ್ಟು ಸುಮಾರು 2.3 ಕಿಲೊ, ಅಂಥ ಹತ್ತು ಕಟ್ಟಿಗೆ 23 ಕಿಲೊ.

ಅಮೆರಿಕದ ಔದ್ಯೋಗಿಕ ಸುರಕ್ಷತೆ-ಆರೋಗ್ಯ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ ಕೈಯಿಂದ ಎತ್ತುವ ಹೊರೆಗೆ ಮಿತಿಯೂ 23 ಕಿಲೊ. ನೆಲದಿಂದ ಎತ್ತಿದರೆ, ಹೊರೆ ಮೈಯಿಂದ ದೂರವಿದ್ದರೆ, ಸೊಂಟ ತಿರುಚಿದರೆ ಅದು ಇನ್ನೂ ಇಳಿಯುತ್ತದೆ. ಆದರೆ ಅಬಿಡ್ಸ್ ಪಕ್ಕದ ಬೇಗಂ ಬಜಾರಿನಂಥ ಸಗಟು ಪೇಟೆಗಳಲ್ಲಿ ಹಮಾಲಿಯ ಬೆನ್ನೇರುವ ಚೀಲ 50 ಕಿಲೊದ್ದು.

'ಅವರಿಗೆ ಅಭ್ಯಾಸವಾಗಿದೆ' ಎನ್ನುತ್ತೇವೆ. ಅಭ್ಯಾಸದಿಂದ ಸ್ನಾಯು ಗಟ್ಟಿಯಾಗುತ್ತದೆ, ನಿಜ. ಆದರೆ ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕಿಗೆ ರಕ್ತ ಹರಿಯುವುದೇ ಅತ್ಯಲ್ಪ. ಸವೆದದ್ದು ಸುಲಭವಾಗಿ ಕೂಡಿಕೊಳ್ಳದು. ಸೊಂಟ ಹಿಡಿದವನಿಗೆ ಪೂರ್ವಜನ್ಮದ ಕರ್ಮ ಎಂದು ಸಮಾಧಾನ ಹೇಳುವುದು ಕ್ರೌರ್ಯ.

ಮಂಡಿ ಬಗ್ಗಿಸಿ, ಹೊರೆಯನ್ನು ಎದೆಗೆ ಒತ್ತಿ ಹಿಡಿದು, ಸೊಂಟ ತಿರುಚದೆ ಪಾದ ತಿರುಗಿಸಿ ನಡೆಯಿರಿ ಎಂಬ ಸಲಹೆ ತಪ್ಪೇನಲ್ಲ. ಆದರೆ ಎತ್ತುವ ತರಬೇತಿಯೊಂದರಿಂದಲೇ ಬೆನ್ನುನೋವು ತಪ್ಪುತ್ತದೆಂಬುದಕ್ಕೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ನೋಡುವ ಕಾಕ್ರೇನ್‌ನ 2011ರ ಪರಿಶೀಲನೆಗೆ ಪುರಾವೆ ಸಿಗಲಿಲ್ಲ. ತಗ್ಗಬೇಕಾದದ್ದು ಹೊರೆ. ಧಾನ್ಯದ ಕ್ವಿಂಟಲ್ ಮೂಟೆ 50 ಕಿಲೊಗೆ ಇಳಿದಾಗ ವ್ಯಾಪಾರವೇನೂ ಮುಳುಗಲಿಲ್ಲ. ಮನುಷ್ಯರು ಗೊತ್ತುಮಾಡಿದ ತೂಕವನ್ನು ಮನುಷ್ಯರೇ ಇನ್ನೂ ಇಳಿಸಬಹುದು.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದು ಎನ್ನುತ್ತಿತ್ತು. ಫುಟ್‌ಪಾತು ಕಾರ್ಖಾನೆಯಲ್ಲವಲ್ಲ! ಆದರೆ ಕಾರ್ಖಾನೆಯ ಆಚೆಗೂ ಕಾನೂನು ತಲುಪಬಲ್ಲದು. ಮಹಾರಾಷ್ಟ್ರ 1969ರಲ್ಲೇ ತಲೆಯ ಮೇಲೆ ಹೊರೆ ಹೊರುವ ಮಾಥಾಡಿಗಳು ಮತ್ತು ಹಮಾಲಿಗಳಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು.

ತಳ್ಳುಗಾಡಿ, ಮೆಟ್ಟಿಲ ಬದಲು ಇಳಿಜಾರು, ಸೊಂಟದೆತ್ತರದ ಕಟ್ಟೆ: ಇವಕ್ಕೆ ದೊಡ್ಡ ಖರ್ಚಿಲ್ಲ. ಕಷ್ಟವಿರುವುದು ಕೂಲಿಯಲ್ಲಿ. ಚೀಲಕ್ಕಿಷ್ಟು ಎಂದು ಕೊಡುವಲ್ಲಿ ಚೀಲ ಅರ್ಧವಾದರೆ ದರವೂ ಅರ್ಧವಾಗುತ್ತದೆ, ನಡಿಗೆ ಇಮ್ಮಡಿಯಾಗುತ್ತದೆ. ಹಾಗಾಗಿ ಹಮಾಲಿಯೇ ದೊಡ್ಡ ಮೂಟೆ ಕೇಳಿ ಹೊರುತ್ತಾನೆ. ಚೀಲ ಚಿಕ್ಕದಾಗುವ ದಿನವೇ, ಹೆಚ್ಚಿದ ಆ ನಡಿಗೆಗೂ ಮಾಲೀಕರು ಕೂಲಿ ಗೊತ್ತುಮಾಡಬೇಕು.