ಕಾಣಿಕೆಗೆ ಮುಂಚೆ

ಊರಿನಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಒಬ್ಬರು ಪಾವಗಡದವರೆಗೂ ನಿಂತೇ ಹೋಗುತ್ತಾರೆ. ಹಾಲಿನ ಡೇರಿಯ ಮುಂದೆ ಸಾಲು ನಿಂತಾಗ ಇನ್ನೊಬ್ಬರು ಬೇಕೆಂದೇ ಹಿಂದೆ ಉಳಿಯುತ್ತಾರೆ. ಕಾರಣ ಕೇಳಿದರೆ ಬದುವಿನ ಒಂದು ಮೊಳ ನೆಲ, ಬೋರ್‌ವೆಲ್ ನೀರಿನ ಸರದಿ, ಇಲ್ಲವೇ ಮನೆಯವರೆಗೆ ಬಾರದೆ ಹೋದ ಮದುವೆಯ ಕರೆಯೋಲೆ. ಕ್ಯಾತಗಾನಚೆರ್ಲಿನಂಥ ಊರುಗಳಿರುವ ನಮ್ಮ ಪಾವಗಡ ಸೀಮೆಯಲ್ಲಿ ಮಳೆ ಕಡಿಮೆ, ನೆಲ ಗಡುಸು. ಕಡಲೆಕಾಯಿ ನಂಬಿದವರಿಗೆ ಒಂದೊಂದು ಹನಿಯೂ ಲೆಕ್ಕ. ಹಾಗಾಗಿ ಈ ಜಗಳಗಳನ್ನು ಸಣ್ಣವು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ. ಜಗಳ ಆಡಿದವರು ಮತ್ತೆ ಮುಖಾಮುಖಿಯಾಗಲು ಊರಿನಲ್ಲಿ ಒಂದು ಜಾಗ, ಒಂದು ಹೊತ್ತು ಇದೆಯೇ?

ತುಮಕೂರು ಸೀಮೆಯ ಸಣ್ಣ ಸಿ.ಎಸ್.ಐ. ಸಭೆಗಳಲ್ಲಿ ಅಂಥ ಒಂದು ಹೊತ್ತು ಇದೆ. ದಕ್ಷಿಣ ಭಾರತ ಸಭೆ ಎಂದು ಅದರ ಪೂರ್ತಿ ಹೆಸರು. ಬಿಷಪ್ಪರ ಆಡಳಿತವುಳ್ಳ ಸಭೆ ಅದು, ಜಗತ್ತಿನ ಆಂಗ್ಲಿಕನ್ ಬಳಗದ ಸದಸ್ಯ. ಬಿಷಪ್ಪರು ಇರುವುದು ಬೆಂಗಳೂರಿನಲ್ಲಿ. ಹಳ್ಳಿಯ ಸಭೆಗೆ ಪಾಲಕರು ಬರುವುದು ಕೂಡ ಎಲ್ಲ ಭಾನುವಾರವೂ ಅಲ್ಲ, ಒಬ್ಬರೇ ಹಲವು ಊರುಗಳನ್ನು ನೋಡಿಕೊಳ್ಳಬೇಕು. ಉಳಿದ ವಾರಗಳಲ್ಲಿ ಉಪದೇಶಿಯೋ ಸಭೆಯ ಹಿರಿಯರೋ ಆರಾಧನೆ ನಡೆಸುತ್ತಾರೆ. ಬಾಗಿಲು ತೆಗೆದು ಕಸ ಗುಡಿಸುವವರು, ಚಾಪೆ ಹಾಸುವವರು, ತಬಲ ಬಾರಿಸುವ ಹುಡುಗ, ಮಕ್ಕಳಿಗೆ ಭಾನುವಾರದ ಶಾಲೆ ನಡೆಸುವ ಅಕ್ಕ, ಎಲ್ಲರೂ ಅಕ್ಕಪಕ್ಕದ ಮನೆಯವರೇ. ಪಾಲಕರು ಬಂದ ದಿನ ಕರ್ತನ ಭೋಜನ ನಡೆಯುತ್ತದೆ. ಬೈಬಲ್ ಓದಿ, ಉಪದೇಶ ಕೇಳಿ, ಪ್ರಾರ್ಥನೆ ಮಾಡಿದ ಮೇಲೆ, ರೊಟ್ಟಿ, ದ್ರಾಕ್ಷಾರಸ ಮತ್ತು ಕಾಣಿಕೆಗಳನ್ನು ಮೇಜಿಗೆ ತರುವುದಕ್ಕೆ ಮುಂಚೆ, ಸಮಾಧಾನವನ್ನು ಹಂಚುವ ಒಂದು ಘಟ್ಟವಿದೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ. ಇಬ್ಬರೂ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚುತ್ತಾರೆ. ಮೇಜಿನ ಬಳಿಯಿಂದ ಹೊರಟ ಸಮಾಧಾನ ಹೀಗೆ ಕೈಯಿಂದ ಕೈಗೆ ದಾಟುತ್ತಾ ಕೊನೆಯ ಸಾಲಿನ ಅಜ್ಜಿಯವರೆಗೂ ಬರುತ್ತದೆ.

ಈ ಕ್ರಮ ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಶತಮಾನಗಳಿಂದ ಉಳಿದುಬಂದದ್ದು. ಪಶ್ಚಿಮದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬಹುಕಾಲ ಅದು ಮರೆತೇ ಹೋಗಿತ್ತು. ದಕ್ಷಿಣ ಭಾರತ ಸಭೆ ತನ್ನದೇ ಆರಾಧನಾ ವಿಧಿಯನ್ನು 1950ರಲ್ಲಿ ಹೊರತಂದಾಗ, ಕೇರಳದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಬ್ರೌನ್ ಸಂಚಾಲಕರಾಗಿದ್ದ ಸಮಿತಿ ಇದನ್ನು ಅದರೊಳಗೆ ಸೇರಿಸಿತು. ಆಮೇಲೆ ಬೇರೆ ದೇಶಗಳವರು ಈ ವಿಧಿಯನ್ನು ಆಸಕ್ತಿಯಿಂದ ಓದಿದರು. ಅಮೆರಿಕದ ಎಪಿಸ್ಕೋಪಲ್ ಸಭೆಯ 1979ರ ಪ್ರಾರ್ಥನಾ ಗ್ರಂಥದಲ್ಲೂ ಕಾಣಿಕೆಗೆ ಮುಂಚೆ ಸಮಾಧಾನ ಹಂಚಿಕೊಳ್ಳುವ ಘಟ್ಟವಿದೆ. ಒಳ್ಳೆಯದೆಲ್ಲ ಹಡಗು ಹತ್ತಿ ಪಶ್ಚಿಮದಿಂದಲೇ ಬಂತು ಎಂದು ನಂಬಿದವರು ಇದನ್ನು ಗಮನಿಸಬೇಕು.

ಕ್ರಮದ ಹಿಂದಿರುವ ವಿಚಾರ ಇನ್ನೂ ಹಳೆಯದು. ಪೀಠದ ಬಳಿಗೆ ಕಾಣಿಕೆ ತಂದಾಗ ಯಾರಿಗಾದರೂ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬುದು ಯೇಸುವಿನ ಬೋಧನೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಿನಗೆ ಯಾರ ಮೇಲೆ ಸಿಟ್ಟು ಎಂದು ಕೇಳಿಲ್ಲ, ನಿನ್ನ ಮೇಲೆ ಯಾರಿಗೆ ಸಿಟ್ಟು ಎಂದು ಕೇಳಿದೆ. ನಾವು ಗೃಹಸ್ಥರು ಸಾಮಾನ್ಯವಾಗಿ ಮೊದಲನೆಯ ಲೆಕ್ಕವನ್ನು ಚೆನ್ನಾಗಿ ಇಟ್ಟಿರುತ್ತೇವೆ. ಎರಡನೆಯದನ್ನು ಬರೆದಿಡುವವರು ಅಪರೂಪ.

ದೊಡ್ಡ ಪಟ್ಟಣದ ದೊಡ್ಡ ಚರ್ಚಿನಲ್ಲಿ ಇದರಿಂದ ತಪ್ಪಿಸಿಕೊಳ್ಳಬಹುದು. ಆಗದವರು ಎಡಕ್ಕೆ ಕೂತರೆ ನಾವು ಬಲಕ್ಕೆ ಕೂರಬಹುದು, ಬೆಳಗಿನ ಆರಾಧನೆ ಬಿಟ್ಟು ಸಂಜೆಯದಕ್ಕೆ ಹೋಗಬಹುದು. ಹತ್ತಿಪ್ಪತ್ತು ಮನೆಗಳ ಸಭೆಯಲ್ಲಿ ಆ ಅನುಕೂಲವಿಲ್ಲ. ಇರುವುದೇ ನಾಲ್ಕು ಸಾಲು. ಸಮಾಧಾನ ಯಾರ ಕೈಯಿಂದ ನಮಗೆ ಬರಬೇಕು ಎಂದು ಆರಿಸಿಕೊಳ್ಳುವ ಹಾಗೂ ಇಲ್ಲ, ಪಕ್ಕದಲ್ಲಿ ಕೂತವರಿಂದಲೇ ಪಡೆಯಬೇಕು, ಪಡೆದದ್ದನ್ನು ಆ ಕಡೆಯವರಿಗೆ ದಾಟಿಸಬೇಕು. ಒಬ್ಬರು ಕೈ ಹಿಂದೆಗೆದರೆ ಅವರ ಆಚೆ ಕೂತವರಿಗೂ ಅದು ತಲುಪದು. ಸಣ್ಣ ಸಭೆಯ ಬಡತನ ಎಂದು ನಾವು ಕರೆಯುವುದರಲ್ಲಿ ಈ ಒಂದು ಸಂಪತ್ತು ಅಡಗಿದೆ ಎಂದು ನನಗೆ ಅನಿಸುತ್ತದೆ.

ಕೈಗೆ ಕೈ ತಾಗಿಸುವುದು ನಮ್ಮ ಹಳ್ಳಿಗಳಲ್ಲಿ ಸಣ್ಣ ಮಾತೂ ಅಲ್ಲ. ಈ ಸೀಮೆಗೆ ಸುವಾರ್ತೆ ಬಂದದ್ದು ಹೆಚ್ಚಾಗಿ ವೆಸ್ಲಿಯನ್ ಮಿಷನ್ನಿನ ಮೂಲಕ. 1839ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಆ ಮಿಷನ್ನಿನ ವಿಲಿಯಂ ಆರ್ಥರ್ ಗುಬ್ಬಿಯಲ್ಲಿ ಕೆಲಸ ಮಾಡಿದರು, ಆ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ಹಳ್ಳಿಗಳಲ್ಲಿ ಹುಟ್ಟಿದ ಸಭೆಗಳಲ್ಲಿ ಅನೇಕವು ಊರಾಚೆಯ ಕೇರಿಗಳ ಕುಟುಂಬಗಳಿಂದ ಬೆಳೆದವು. ಬಾವಿಯ ಹಗ್ಗ ಮುಟ್ಟಬಾರದು, ಹೋಟೆಲಿನ ಲೋಟ ಮುಟ್ಟಬಾರದು ಎಂದು ತಲೆತಲಾಂತರ ಕೇಳಿಸಿಕೊಂಡವರ ಅಂಗೈಗೆ ಪಾಲಕರು ಅಂಗೈ ಕೊಟ್ಟು, ಎಡಗೈಯಿಂದಲೂ ಮುಚ್ಚಿ ಹಿಡಿಯುತ್ತಾರೆ. ಜಾತಿ ಚರ್ಚಿನ ಬಾಗಿಲಲ್ಲೇ ನಿಂತುಬಿಡುತ್ತದೆ ಎಂದು ನಾನು ಹೇಳಲಾರೆ. ಅಲ್ಲಿಯೂ ಅದು ಒಳಗೆ ಬಂದು ಕೂತದ್ದುಂಟು, ಮದುವೆ ಸಂಬಂಧದ ಮಾತಿನಲ್ಲಿ ಇಣುಕುವುದುಂಟು. ಆದರೆ ಆರಾಧನೆಯ ನಡುವೆಯೇ ಅದಕ್ಕೆ ಎದುರಾಗಿ ಒಂದು ಕ್ರಿಯೆಯನ್ನು ನಿಲ್ಲಿಸಿದ್ದಾರಲ್ಲ, ಅದಕ್ಕೆ ಬೆಲೆಯಿದೆ.

ದಕ್ಷಿಣ ಭಾರತ ಸಭೆ ಹುಟ್ಟಿದ್ದು ಕೂಡ ದೀರ್ಘವಾದ ಒಂದು ರಾಜಿಯಿಂದ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ 33 ಜನ ಸೇರಿದರು, ಅವರಲ್ಲಿ ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. ಇಂಗ್ಲೆಂಡಿನಲ್ಲೋ ಸ್ಕಾಟ್ಲೆಂಡಿನಲ್ಲೋ ಹುಟ್ಟಿದ ಬೇರೆಬೇರೆ ಪಂಗಡಗಳ ಹಗೆಯನ್ನು ನಾವೇಕೆ ಹೊರಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಮುಂದಾಳುಗಳಲ್ಲಿ ಒಬ್ಬರು ದೋರ್ಣಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ, 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು. ಮಾತುಕತೆ ಬಹುಕಾಲ ತೊಡಕಿಕೊಂಡದ್ದು ಬಿಷಪ್ಪರ ವಿಷಯದಲ್ಲೇ. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದವರು ಪಾಲಕರೇ ಅಲ್ಲ ಎನ್ನುವ ಆಂಗ್ಲಿಕನ್ನರು ಒಂದು ಕಡೆ, ಬಿಷಪ್ಪರೇ ಇಲ್ಲದೆ ತಲೆಮಾರುಗಳ ಕಾಲ ಸೇವೆ ಮಾಡಿದ ಮೆಥಡಿಸ್ಟರು, ಪ್ರೆಸ್ಬಿಟೀರಿಯನ್ನರು, ಕಾಂಗ್ರಿಗೇಷನಲಿಸ್ಟರು ಇನ್ನೊಂದು ಕಡೆ. ಕೊನೆಗೆ ಇಬ್ಬರೂ ಬಗ್ಗಿದರು. ಇದ್ದ ಪಾಲಕರೆಲ್ಲರನ್ನೂ ಇದ್ದ ಹಾಗೆಯೇ ಒಪ್ಪಿಕೊಳ್ಳುವುದು, ಇನ್ನು ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರ ಕೈಯಿಂದಲೇ ಆಗುವುದು ಎಂದು ತೀರ್ಮಾನವಾಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ಅವರು ಒಂದಾದರು. ಅಜರಯ್ಯನವರು ಅದನ್ನು ನೋಡಲು ಉಳಿದಿರಲಿಲ್ಲ, 1945ರ ಜನವರಿ 1ರಂದೇ ತೀರಿಕೊಂಡಿದ್ದರು. 28 ವರ್ಷ ಮಾತುಕತೆ ಎಂದರೆ ಎಷ್ಟು ಸಲ ಬೇಸತ್ತು ಎದ್ದು ಹೋಗಿರಬೇಕು, ಎಷ್ಟು ಸಲ ಮರಳಿ ಬಂದು ಕೂತಿರಬೇಕು! ಆ ಮರಳಿ ಬಂದು ಕೂರುವ ಗುಣವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮನಸ್ತಾಪ ಕಳೆಯುವ ಹಬ್ಬಗಳು ನಮ್ಮೆಲ್ಲರ ಮನೆಯಲ್ಲೂ ಇವೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಿ ಒಳ್ಳೆಯ ಮಾತಾಡೋಣ ಎನ್ನುತ್ತೇವೆ. ರಂಜಾನಿನ ದಿನ ಶಿರಾದ ಬೀದಿಗಳಲ್ಲಿ ಜನ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಕಡೆ ದಸರೆಗೆ ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟುತ್ತಾರೆ. ಇವು ವರ್ಷಕ್ಕೊಮ್ಮೆ ಬರುವಂಥವು, ಅಷ್ಟರೊಳಗೆ ಸಿಟ್ಟು ಬೇರು ಬಿಟ್ಟಿರುತ್ತದೆ. ಪಾಲಕರು ಬರುವ ದಿನ ಅದಕ್ಕಿಂತ ಬೇಗ ಬರುತ್ತದೆ. ನಾಳೆ ಇಂಥವರ ಪಕ್ಕ ಕೂರಬೇಕಲ್ಲ ಎಂಬ ಯೋಚನೆ ಶನಿವಾರ ಸಂಜೆಯೇ ಮನುಷ್ಯನನ್ನು ಎಬ್ಬಿಸುತ್ತದೆ. ಸಭೆಯ ಹಿರಿಯರು ಒಬ್ಬರ ಜಗುಲಿಯಿಂದ ಇನ್ನೊಬ್ಬರ ಜಗುಲಿಗೆ ಓಡಾಡಲು ಅದೇ ಸಮಯ. ವರ್ಷಕ್ಕೊಮ್ಮೆ ಬರುವ ಸಭೆಯ ಸುಗ್ಗಿ ಹಬ್ಬವೂ ಇದಕ್ಕೆ ಒತ್ತಾಸೆ. ರಾಗಿ, ತೊಗರಿ, ಅವರೆಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಹೀಗೆ ಮನೆಗಳವರು ತಂದ ಬೆಳೆ ಕಾಣಿಕೆಯನ್ನು ಆರಾಧನೆಯಾದ ಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಯಾರ ಹೊಲದ ಕುಂಬಳಕಾಯಿ ಎಂದು ಎಲ್ಲರಿಗೂ ಗೊತ್ತು. ಮಾತು ಬಿಟ್ಟವನ ಕುಂಬಳಕಾಯಿಗೆ ಸಂತೆಯ ಬೆಲೆಯ ಹತ್ತು ಪಟ್ಟು ಕೂಗಿದರೆ ಹಣ ಸಭೆಗೆ ಸೇರುತ್ತದೆ, ಕೂಗಿದ್ದು ಯಾರೆಂದು ಅವನ ಕಿವಿಗೂ ಬೀಳುತ್ತದೆ.

ಆದರೂ ಕೈ ಹಿಡಿದ ಮಾತ್ರಕ್ಕೆ ಸರಿದ ಬದುವಿನ ಕಲ್ಲು ತನ್ನ ಜಾಗಕ್ಕೆ ಮರಳುವುದಿಲ್ಲ. ಅನ್ಯಾಯಕ್ಕೆ ಒಳಗಾದವರ ಕೈಯನ್ನು ಬಲವಂತವಾಗಿ ಎಳೆದು ಹಿಡಿಸುವುದು ಸಮಾಧಾನವೂ ಅಲ್ಲ. ಸಾಲ ತೀರಿಸಬೇಕಾದವನು ತೀರಿಸಬೇಕು, ನೀರಿನ ಸರದಿಯನ್ನು ಕೂತು ಬರೆದು ಇಬ್ಬರೂ ಒಪ್ಪಬೇಕು. ಬದುವಿನ ತಕರಾರಿಗೆ ನಾಡಕಚೇರಿಯಲ್ಲಿ ಹದ್ದುಬಸ್ತಿನ ಅರ್ಜಿ ಕೊಡುವ ದಾರಿ ಇದೆ. ಭಾನುವಾರ ಅಂಗೈಗೆ ಅಂಗೈ ಕೊಟ್ಟವರು ಸೋಮವಾರ ಒಟ್ಟಿಗೆ ಬಸ್ಸು ಹತ್ತಿ ಆ ಅರ್ಜಿ ಕೊಟ್ಟು ಬರಲಿ, ಶುಲ್ಕ ಅರ್ಧರ್ಧ ಹಾಕಲಿ, ಸರ್ವೆಯವರು ಅಳೆಯಲು ಬಂದ ದಿನ ಇಬ್ಬರೂ ಹೊಲದಲ್ಲಿ ನಿಂತಿರಲಿ, ಕಲ್ಲು ಯಾರ ಕಡೆಗೆ ಸರಿದರೂ ನೆಡಲು ಇಬ್ಬರೂ ಕೈ ಹಾಕಲಿ.